ಸಾಫ್ಟ್‌ಬಾಲ್: ಆಟದ ಮಧ್ಯೆ ಹೊರಗಿನವರು ಬಾಲ್ ಮುಟ್ಟಿದರೆ ಅಂಪೈರ್ ಏನು ಮಾಡಬೇಕು?

ಪ್ರಶ್ನೆ: ತೀರ್ಥಹಳ್ಳಿ ಕಡೆ ಹೈಸ್ಕೂಲ್ ಹುಡುಗಿಯರ ಮ್ಯಾಚಿಗೆ ಅಂಪೈರಿಂಗ್ ಮಾಡಬೇಕು. ಗ್ರೌಂಡಿಗೆ ಬೇಲಿ ಇಲ್ಲ, ಊರಿನ ಕಾಲುದಾರಿ ಔಟ್‌ಫೀಲ್ಡ್ ಅಂಚಲ್ಲೇ ಹೋಗುತ್ತೆ. ಜನ, ದನ ಅಡ್ಡ ಬಂದರೆ ಹೇಗೆ ನಿಭಾಯಿಸ್ತೀರಿ? ಅನುಭವ ಇದ್ದವರು ಹೇಳಿ.

ಸಾಗರದಿಂದ: ಮೊದಲು ಕೈ ಎತ್ತಿ ಸರ್, ಲೆಕ್ಕ ಆಮೇಲೆ. ಹೊರಗಿನವರು ಬಾಲ್ ಮುಟ್ಟಿದ ಕ್ಷಣಕ್ಕೇ ಆಟ ನಿಂತ ಹಾಗೆ. ಎರಡೂ ಕೈ ಮೇಲೆತ್ತಿ ‘ಡೆಡ್ ಬಾಲ್’ ಅಂತ ಔಟ್‌ಫೀಲ್ಡಿಗೂ ಕೇಳೋ ಹಾಗೆ ಕೂಗಿ. ಅನುಮಾನಿಸ್ತಾ ನಿಂತರೆ ಅಷ್ಟರಲ್ಲಿ ರನ್ನರ್ ಇನ್ನೊಂದು ಬೇಸ್ (ಫಸ್ಟ್, ಸೆಕೆಂಡ್, ಥರ್ಡ್, ಹೋಮ್ ಅಂತ ಸಾಲಾಗಿ ಮುಟ್ಟೋ ಗುರುತು, ಹೋಮ್ ಮುಟ್ಟಿದರೆ ರನ್) ಓಡಿರ್ತಾಳೆ, ಫೀಲ್ಡರ್ ಎಸೆದಿರ್ತಾಳೆ, ಆಮೇಲೆ ಯಾರನ್ನು ಎಲ್ಲಿಗೆ ಕಳಿಸಿದರೂ ಜಗಳವೇ.

ನಮ್ಮಲ್ಲಿ ಆದದ್ದು ಹೇಳ್ತೀನಿ. ಹೊಡೆದ ಬಾಲ್ ಲೆಫ್ಟ್ ಫೀಲ್ಡರನ್ನು ದಾಟಿ ಉರುಳ್ತಾ ಹೋಯಿತು. ಸೈಕಲ್ ಹಿಡಿದು ನಿಂತಿದ್ದ ಹುಡುಗನೊಬ್ಬ ಸಹಾಯ ಮಾಡೋಣ ಅಂತ ಎತ್ತಿ ಅವಳ ಕೈಗೇ ಎಸೆದ. ಆಗ ಫಸ್ಟ್ ಬೇಸಿಂದ ಹೊರಟವಳು ಥರ್ಡ್ ಮುಟ್ಟಿ ತಿರುಗ್ತಿದ್ದಳು, ಹೊಡೆದವಳು ಇನ್ನೇನು ಸೆಕೆಂಡ್ ಮುಟ್ಟಬೇಕು. ಫೀಲ್ಡರ್ ತಾನೇ ಓಡಿ ಬಾಲ್ ತರೋ ಹೊತ್ತಿಗೆ ಥರ್ಡ್ ಮುಟ್ಟಿದವಳು ಖಂಡಿತ ಹೋಮ್ ಸೇರ್ತಿದ್ದಳು. ಅದಕ್ಕೆ ರನ್ ಕೊಟ್ಟು, ಹೊಡೆದವಳಿಗೆ ಸೆಕೆಂಡ್ ಕೊಟ್ಟೆವು. ‘ಎರಡೇ ಬೇಸ್ ಅಲ್ವಾ, ಫಸ್ಟಿಂದ ಹೊರಟವಳನ್ನು ವಾಪಸ್ ಥರ್ಡ್‌ಗೆ ಕಳಿಸಿ’ ಅಂತ ಫೀಲ್ಡಿಂಗ್ ಕಡೆಯ ಕೋಚ್ ಬಂದರು. ಆ ರೂಲ್ ಬಾಲ್ ತಾನಾಗೇ ಹೊರಗೆ ಹೋದಾಗ. ಹೊಡೆದ ಬಾಲ್ ಪುಟಿದು ಗೆರೆ ದಾಟಿದರೆ ಪಿಚ್ ಮಾಡಿದ (ಬ್ಯಾಟರ್‌ಗೆ ಬಾಲ್ ಎಸೆದ) ಹೊತ್ತಿನಿಂದ ಎರಡು ಬೇಸ್, ಫೀಲ್ಡರ್ ಎಸೆದದ್ದು ದಾಟಿದರೆ ಕೈ ಬಿಟ್ಟ ಹೊತ್ತಿನಿಂದ ಎರಡು. ಪ್ರೇಕ್ಷಕರು ಮುಟ್ಟಿದಾಗ ಹಾಗಲ್ಲ. ಮುಟ್ಟದೇ ಇದ್ದಿದ್ದರೆ ಯಾರು ಎಲ್ಲಿಗೆ ತಲುಪ್ತಿದ್ದರು ಅಂತ ಅಂಪೈರೇ ತೀರ್ಮಾನಿಸಬೇಕು. ಅದಕ್ಕೇ ಒಬ್ಬರ ಕಣ್ಣು ಬಾಲ್ ಮೇಲಿದ್ದರೆ ಇನ್ನೊಬ್ಬರ ಕಣ್ಣು ರನ್ನರ್ ಮೇಲಿರಲಿ. ಆ ಹುಡುಗನಿಗೆ ಮಾತ್ರ ಬೈಬೇಡಿ, ಪಾಪ, ಅವನಿಗೇನು ಗೊತ್ತು.

ಶಿವಮೊಗ್ಗದಿಂದ: ಕ್ಯಾಚ್ ವಿಷಯ ಯಾರೂ ಹೇಳಲಿಲ್ಲ. ಮೇಲೆ ಹೋದ ಬಾಲ್ ಹಿಡಿಯೋಕೆ ಫೀಲ್ಡರ್ ಬಂದಾಗ, ಹಗ್ಗದಾಚೆ ಇದ್ದವರು ಒಳಗೆ ಕೈ ಚಾಚಿ ಅಡ್ಡಿ ಮಾಡಿದರೆ ಬ್ಯಾಟರ್ ಔಟ್, ಬಾಲ್ ಡೆಡ್. ಆದರೆ ಫೀಲ್ಡರೇ ಹಗ್ಗದಾಚೆ ಕೈ ಚಾಚಿದ್ದರೆ ಅದು ಅಡ್ಡಿ ಅಲ್ಲ, ಔಟ್ ಕೊಡೋಕಾಗಲ್ಲ. ಹಗ್ಗ ಕಾಣೋ ಜಾಗದಲ್ಲಿ ನಿಂತಿದ್ದರಷ್ಟೇ ಇದು ಗೊತ್ತಾಗೋದು. ಹಗ್ಗವೇ ಇಲ್ಲದಿದ್ದರೆ ಸುಣ್ಣದ ಗೆರೆಯಾದರೂ ಹಾಕಿಸಿ.

ಕೊಪ್ಪದಿಂದ: ಮ್ಯಾಚ್ ಶುರು ಮಾಡೋ ಮುಂಚೆ ಇಬ್ಬರೂ ಕೋಚ್‌ಗಳನ್ನು ಕರ್ಕೊಂಡು ಗ್ರೌಂಡ್ ಸುತ್ತು ಹಾಕಿ ಸರ್. ಕಾಲುದಾರಿ ದಾಟಿದರೆ ಏನು, ದನಕ್ಕೆ ತಾಗಿದರೆ ಏನು, ಪಕ್ಕದ ಕ್ರಿಕೆಟ್ ಬಾಲ್ ಒಳಗೆ ಬಂದರೆ ಏನು, ಎಲ್ಲಾ ಅಲ್ಲೇ ನಿಂತು ಮಾತಾಡಿ ಒಪ್ಪಿಸಿ. ದನ ಹತ್ತಿರ ಬರ್ತಿರೋದು ಕಂಡರೆ ಪಿಚ್ ಆಗೋ ಮುಂಚೆಯೇ ‘ಟೈಮ್’ ಅಂತ ಕೂಗಿ ಆಟ ನಿಲ್ಲಿಸಿ. ಬಾಲ್ ಆಟದಲ್ಲಿದ್ದು ರನ್ನರ್ ಓಡ್ತಿರುವಾಗ, ದನ ಸುಮ್ನೆ ದೂರದಲ್ಲಿ ಮೇಯ್ತಿದೆ ಅಂತ ನಿಲ್ಲಿಸಬೇಡಿ. ದಾರಿಯ ಎರಡೂ ತುದಿಗೆ ಆಡದ ಮಕ್ಕಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ, ಬಾಲ್ ಬಂದರೆ ಎತ್ತಬೇಡಿ, ಬರೀ ದಾರಿ ಬಿಡಿ ಅಂತ ಹೇಳಿ.