ನೀರು ಅನುಭವಿಸಿದವರೋ, ನೀರು ಕಂಡವರೋ?

ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ಸ್ವಲ್ಪ ಸಹಾಯ ಬೇಕು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಮನೆಗಳಿಗೆ ನೀರು ನುಗ್ಗಿ, ಜನರನ್ನು ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಗೆ ಕರೆತಂದರಲ್ಲ, ಆಗ ನಮ್ಮ ಬೀದಿಯಲ್ಲಿ ಏನೇನಾಯ್ತು ಅಂತ ಒಂದು ಚಿಕ್ಕ ಪುಸ್ತಕ ಮಾಡುತ್ತಿದ್ದೇವೆ. 'ಪ್ರವಾಹ ಅನುಭವಿಸಿದವರ ಮಾತು' ಅಂತ ಹೆಸರಿಟ್ಟು ಎದುರುಮನೆ ಅಜ್ಜಿಗೆ ಓದಿ ಹೇಳಿದೆ. ಅವರ ಗೋಡೆಯಲ್ಲಿ ಗ್ಯಾಸ್ ಸಿಲಿಂಡರಿನ ಎತ್ತರಕ್ಕೆ ಕೆಸರಿನ ಗೆರೆ ಇನ್ನೂ ಇದೆ, ಎರಡು ಸಲ ಬಣ್ಣ ಹೊಡೆಸಿದರೂ ಹೋಗಿಲ್ಲ. "ಅನುಭವಿಸೋಕೆ ನಾವೇನು ಪಾಪ ಮಾಡಿದ್ವಾ ಕಣಪ್ಪಾ?" ಅಂದರು.

ಹೌದಲ್ವಾ! 'ಅನುಭವಿಸ್ತಾನೆ ಬಿಡು' ಅಂದರೆ ಮಾಡಿದ್ದಕ್ಕೆ ತಕ್ಕ ಫಲ ಅಂತಲೇ ಅರ್ಥ. ಇನ್ನೊಂದು ಕಡೆ ಸುಖ ಅನುಭವಿಸುತ್ತೇವೆ, ಕ್ರಯಪತ್ರದಲ್ಲಿ ಜಮೀನು ಯಾರದೋ 'ಸ್ವಾಧೀನಾನುಭವ'ದಲ್ಲಿ ಇರುತ್ತೆ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ನನ್ನ ಪಾಲಿನದು, ನನಗೆ ಸೇರಬೇಕಾದ್ದು ಅನ್ನೋ ಧ್ವನಿ ಆ ಪದದಲ್ಲಿದೆ. ಆ ನೀರು ಅಜ್ಜಿಗೆ ಸೇರಬೇಕಾದ್ದಲ್ಲ. ಮಳೆನೀರು ಹರಿದುಹೋಗೋ ರಾಜಕಾಲುವೆ ಮೇಲೆ ಕಟ್ಟಡ ಕಟ್ಟಿದವರು ಅವರಲ್ಲ.

'ಪಡು' ನೋಡಿದೆ. ಕಷ್ಟಪಟ್ಟರು, ಸಂಕಟಪಟ್ಟರು ಸರಿ, 'ಪ್ರವಾಹ ಪಟ್ಟರು' ಆಗೋದೇ ಇಲ್ಲ. ನೋವು ಉಣ್ಣಬಹುದು, ನೀರು ಉಣ್ಣೋಕಾಗಲ್ಲ. 'ಎದುರಿಸಿದವರು' ಪೇಪರಿನವರ ಮಾತು, ಎದೆಕೊಟ್ಟು ನಿಂತ ಹಾಗೆ ಕೇಳುತ್ತೆ. ಅಜ್ಜಿ ಆ ರಾತ್ರಿಯೆಲ್ಲಾ ಅಡುಗೆ ಕಟ್ಟೆ ಮೇಲೆ, ಅಕ್ಕಿ ಡಬ್ಬದ ಪಕ್ಕ ಕಾಲು ಮಡಚಿ ಕೂತು ಬೆಳಗು ಮಾಡಿದರು. 'ಸಂತ್ರಸ್ತರು' ಪರಿಹಾರದ ಅರ್ಜಿಯಲ್ಲಿ ಇರಲಿ.

ಉಳಿದದ್ದು ಅಜ್ಜಿಯದೇ ಮಾತು: "ಆ ನೀರು ಕಂಡೋರಿಗೇ ಗೊತ್ತು." ನನಗೆ ಇದೇ ಜಾಸ್ತಿ ಹಿಡಿಸಿದೆ. ಕಷ್ಟಸುಖ ಕಂಡವರು, ಬರ ಕಂಡವರು ಅಂತೀವಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, 'ಪ್ಲೇಗು ಕಂಡವರು' ಅಂದರೆ ದೂರ ನಿಂತು ನೋಡಿದವರು ಅಂತ ಯಾರೂ ತಿಳಿಯಲ್ಲ. ಇಲ್ಲಿ ಕಾಣೋದು ಬರೀ ಕಣ್ಣಿನ ಕೆಲಸ ಅಲ್ಲ, ಮೈಮೇಲೆ ಬಂದದ್ದು. ಆದರೂ ಒಂದು ಅಳುಕು. ಆ ನೀರನ್ನು ಟಿವಿಯಲ್ಲಿ ಊರೆಲ್ಲಾ ಕಂಡಿದೆ. ಜೊತೆಗೆ 'ಕಂಡೋರ ಮನೆ' ಅಂದರೆ ಬೇರೆಯವರ ಮನೆ.

'ನೀರು ಕಂಡವರು' ಅಂತ ಓದಿದರೆ ನಿಮ್ಮ ಕಿವಿಗೆ ನೋಡಿದವರು ಅಂತ ಕೇಳುತ್ತಾ, ಅದರೊಳಗೆ ಇದ್ದವರು ಅಂತ ಕೇಳುತ್ತಾ? ನಿಮ್ಮ ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ಹೇಳಿ. ಶನಿವಾರ ಅಚ್ಚಿಗೆ ಕೊಡಬೇಕು.