ಸೆಗ್ರಿಗೇಷನ್‌ಗೆ ‘ಬೇರ್ಪಾಡು’ ಒಗ್ಗುತ್ತದೆಯೇ?

ಮಿತ್ರರೇ,

ನಗರಗಳ ವಸತಿ ಕುರಿತ ಸಂಶೋಧನಾ ಪ್ರಬಂಧವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪುಟಕ್ಕೆ ನಾಲ್ಕೈದು ಸಲ ಬರುವ ‘ಸೆಗ್ರಿಗೇಷನ್’ ಎಂಬ ಪದ ಹದಿನೈದು ದಿನಗಳಿಂದ ನನ್ನನ್ನು ಮುಂದೆ ಹೋಗಗೊಟ್ಟಿಲ್ಲ. ಒಂದೇ ನಗರದ ಜನ ಜನಾಂಗ, ಧರ್ಮ, ಜಾತಿ ಅಥವಾ ವರಮಾನಕ್ಕೆ ತಕ್ಕಂತೆ ಬೇರೆ ಬೇರೆ ಬಡಾವಣೆಗಳಲ್ಲಿ ನೆಲೆಸಿರುವುದನ್ನು ಅದು ಹೇಳುತ್ತದೆ. ಅರ್ಥದಲ್ಲಿ ಗೊಂದಲವಿಲ್ಲ, ಪದ ಸಿಗುತ್ತಿಲ್ಲ.

ಮೊದಲು ‘ವಿಂಗಡಣೆ’ ಎಂದು ಬರೆದೆ. ಮರುದಿನ ‘ನಗರವಾಸಿಗಳ ವಿಂಗಡಣೆ’ ಎಂದು ಓದಿಕೊಂಡಾಗ ಹಸಿ ಕಸ, ಒಣ ಕಸದ ಬುಟ್ಟಿಗಳೇ ಕಣ್ಣ ಮುಂದೆ ಬಂದವು; ಹೊಡೆದು ಹಾಕಿದೆ. ‘ಪ್ರತ್ಯೇಕತೆ’ ಎಂದರೆ ಪತ್ರಿಕೆ ಓದುವವರಿಗೆ ಪ್ರತ್ಯೇಕ ರಾಜ್ಯ ಕೇಳುವವರ ನೆನಪಾಗುತ್ತದೆ, ದೂರ ಇರಬೇಕೆಂದು ಬಯಸಿದವರು ಅಲ್ಲಿ ವಾಸವಾಗಿರುವವರೇ ಎಂಬ ಧ್ವನಿ ಬರುತ್ತದೆ. ‘ಪ್ರತ್ಯೇಕೀಕರಣ’ದ ತೊಡಕು ಇದಕ್ಕೆ ತಿರುವುಮುರುವು. ‘ಕರಣ’ ಬಂದ ಮೇಲೆ ಮಾಡಿದವನೊಬ್ಬ ಇರಲೇಬೇಕು.

ಮಾಡಿದವರು ಯಾರು ಎಂಬುದೇ ಈ ವಿಷಯದ ವಿದ್ವಾಂಸರ ನಡುವಿನ ಜಗಳ. 1930ರ ದಶಕದಲ್ಲಿ ಅಮೆರಿಕದ ಸರ್ಕಾರ ಸ್ಥಾಪಿಸಿದ್ದ ಗೃಹಸಾಲ ನಿಗಮವು ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿ ಬಡಾವಣೆಗಳಿಗೆ ನಾಲ್ಕು ಬಣ್ಣ ಬಳಿಯಿತು. ಸಾಲ ಕೊಡಲು ಹಸಿರು ಉತ್ತಮ, ಕೆಂಪು ಅಪಾಯ. ಕಪ್ಪು ಜನರ ಬಡಾವಣೆಗಳಿಗೆ ಬಹುತೇಕ ಕೆಂಪೇ ಗತಿ. ದಕ್ಷಿಣ ಆಫ್ರಿಕಾದಲ್ಲಿ 1950ರ ಕಾಯಿದೆಯೊಂದು ಯಾವ ಜನಾಂಗದವರು ಎಲ್ಲಿ ವಾಸಿಸಬೇಕೆಂಬುದನ್ನೇ ಗೊತ್ತುಮಾಡಿತು. ಇಲ್ಲೆಲ್ಲ ‘ಬೇರ್ಪಡಿಸು’ ಎಂಬ ಕ್ರಿಯಾಪದವೇ ಸರಿ. ಆದರೆ 1971ರಲ್ಲಿ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಒಂದು ಮಾದರಿಯನ್ನು ಮುಂದಿಟ್ಟ. ಚೌಕಗಳ ಹಾಸಿನ ಮೇಲೆ ಎರಡು ಬಗೆಯ ಬಿಲ್ಲೆಗಳು. ಅಕ್ಕಪಕ್ಕದವರಲ್ಲಿ ಮೂರರಲ್ಲೊಂದು ಪಾಲು ತನ್ನಂಥವರಿದ್ದರೆ ಸಾಕು, ಇಲ್ಲದಿದ್ದರೆ ಜಾಗ ಬದಲಿಸುವೆ ಎಂಬ ಸೌಮ್ಯವಾದ ಬಯಕೆಯಷ್ಟೇ ಪ್ರತಿಯೊಂದಕ್ಕೂ ಇದೆ. ಆಟ ಮುಗಿಯುವ ಹೊತ್ತಿಗೆ ಹಾಸು ಹೋಳು ಹೋಳಾಗಿರುತ್ತದೆ. ಅಲ್ಲಿ ಯಾರೂ ಬೇರ್ಪಡಿಸಲಿಲ್ಲ, ಎಲ್ಲರೂ ಬೇರ್ಪಟ್ಟರು.

ನಮ್ಮ ‘ಬೇರ್ಪಡು’, ‘ಬೇರ್ಪಡಿಸು’ಗಳ ಅಂತರವನ್ನು ಸೆಗ್ರಿಗೇಷನ್ ಎಂಬ ನಾಮಪದ ನುಂಗಿಕೊಂಡು ಕುಳಿತಿದೆ. ಹಾಗೆಯೇ ಎರಡಕ್ಕೂ ಎಡೆ ಕೊಡುವ ನಾಮಪದ ಕನ್ನಡದಲ್ಲಿ ಬೇಕು. ‘ಬೇರ್ಪಡಿಕೆ’ಗಿಂತ ‘ಬೇರ್ಪಾಡು’ ನನಗೆ ಹಿಡಿಸಿದೆ. ಮಾರ್ಪಡು ಎಂಬುದರಿಂದ ಬಂದ ಮಾರ್ಪಾಡನ್ನು ನೋಡಿ: ‘ಮಾರ್ಪಾಡಾಯಿತು’ ಎನ್ನುತ್ತೇವೆ, ‘ಮಾರ್ಪಾಡು ಮಾಡಿದರು’ ಎಂದೂ ಎನ್ನುತ್ತೇವೆ. ಏರ್ಪಾಡಿನ ನಡತೆಯೂ ಹೀಗೆಯೇ. ಹಾಗಾದರೆ ‘ವಸತಿ ಬೇರ್ಪಾಡು’ ಎಂದಾಗ ಮಾಡಿದವರು ಯಾರೆಂಬ ತೀರ್ಪನ್ನು ವಾಕ್ಯದ ಕ್ರಿಯಾಪದಕ್ಕೆ ಬಿಡಬಹುದು. ಕರಡು ಓದಿದ ಗೆಳೆಯರೊಬ್ಬರಿಗೆ ಮಾತ್ರ ಅದು ಗಂಡಹೆಂಡಿರ ಜಗಳದಂತೆ ಕೇಳಿಸಿತಂತೆ. ‘ಬೇರ್ಪಟ್ಟ ದಂಪತಿ’ಯ ನೆರಳು ಬೀಳುವುದು ನಿಜ. ಆದರೆ ‘ವಸತಿ’ ಜೊತೆಗಿದ್ದರೆ ಆ ನೆರಳು ಸರಿದೀತು.

ಇದಕ್ಕೆ ತಗುಲಿಕೊಂಡ ಇನ್ನೊಂದು ಪದ ‘ಡಿಸ್ಸಿಮಿಲಾರಿಟಿ ಇಂಡೆಕ್ಸ್’; ಎರಡು ಗುಂಪುಗಳು ಬಡಾವಣೆಗಳಲ್ಲಿ ಎಷ್ಟು ಬೇರೆ ಬೇರೆಯಾಗಿ ಹಂಚಿಹೋಗಿವೆ ಎಂಬುದರ ಅಳತೆ. ಇದನ್ನು ಅಸಮಾನತೆಯ ಸೂಚ್ಯಂಕ ಎಂದರೆ ಪೂರ್ತಿ ತಪ್ಪು. ಎರಡು ಬಡಾವಣೆಗಳಿವೆ ಎನ್ನಿ. ಒಂದು ಗುಂಪಿನ 100 ಮಂದಿಯಲ್ಲಿ 80 ಜನ ಮೊದಲನೆಯದರಲ್ಲಿ, 20 ಜನ ಎರಡನೆಯದರಲ್ಲಿ. ಮತ್ತೊಂದು ಗುಂಪಿನ ನೂರು ಜನ ಇದಕ್ಕೆ ಅದಲುಬದಲು, 20 ಮತ್ತು 80. ಆಗ ಸೂಚ್ಯಂಕ 0.6. ಅಂದರೆ ಹಂಚಿಕೆ ಸಮವಾಗಬೇಕಾದರೆ ಒಂದು ಗುಂಪಿನ 60 ಜನ ಮನೆ ಬದಲಿಸಬೇಕು. ಯಾರು ಬಡವರು, ಯಾರು ಸಿರಿವಂತರು ಎಂಬ ಮಾತೇ ಇದರಲ್ಲಿ ಇಲ್ಲ. ‘ಹಂಚಿಕೆ ಅಂತರದ ಸೂಚ್ಯಂಕ’ ಎಂದಿಟ್ಟಿದ್ದೇನೆ. ಉದ್ದವಾಯಿತು, ಗೊತ್ತು.

‘ಘೆಟ್ಟೊ’ಗೆ ‘ಕೇರಿ’ ಆಗಬಹುದೇ ಎಂದೂ ಯೋಚಿಸಿದೆ. ಹಳಗನ್ನಡದಲ್ಲಿ ಕೇರಿ ಎಂದರೆ ಬರೀ ಬೀದಿ. ‘ಊರು-ಕೇರಿ’ ಎಂಬ ಜೋಡಿಯಲ್ಲಿ ಅದು ಊರಿನ ಹೊರಗಿನವರ ನೆಲೆಯಾಯಿತು, ತಮಿಳಿನ ‘ಚೇರಿ’ಗೂ ಅದೇ ಪಾಡು. ಅರ್ಥ ಹತ್ತಿರವೇ ಇದೆ. ಆದರೂ 1516ರಲ್ಲಿ ವೆನಿಸ್‌ನಲ್ಲಿ ಯೆಹೂದಿಗಳಿಗೆಂದು ಗೊತ್ತುಮಾಡಿ, ರಾತ್ರಿ ಬಾಗಿಲು ಹಾಕುತ್ತಿದ್ದ ಜಾಗದ ಹೆಸರು ಘೆಟ್ಟೊ. ಆ ಬಾಗಿಲು ಕೇರಿ ಎಂಬ ಪದದಲ್ಲಿಲ್ಲ, ಕೇರಿಯ ಕಥೆ ಘೆಟ್ಟೊದಲ್ಲಿಲ್ಲ. ಘೆಟ್ಟೊ ಎಂಬುದನ್ನೇ ಹಾಗೆಯೇ ಉಳಿಸಿಕೊಂಡಿದ್ದೇನೆ. ಕೆಂಪು ಬಣ್ಣದ ಬಡಾವಣೆಗಳಿಗೆ ಸಾಲ ನಿರಾಕರಿಸುವ ‘ರೆಡ್‌ಲೈನಿಂಗ್’ಗೆ ಒಬ್ಬರು ‘ಲಕ್ಷ್ಮಣರೇಖೆ’ ಸೂಚಿಸಿದರು. ಬೇಡ. ಆ ರೇಖೆ ಒಳಗಿದ್ದವಳನ್ನು ಕಾಯಲು ಎಳೆದದ್ದು.

ಈಗ ನನ್ನ ಪ್ರಶ್ನೆಗಳು ಎರಡೇ. ‘ಬೇರ್ಪಾಡು’ ಯಾರದಾದರೂ ಆಡುಮಾತಿನಲ್ಲಿ ಈಗಾಗಲೇ ಇದೆಯೇ, ಇದ್ದರೆ ಯಾವ ಅರ್ಥದಲ್ಲಿ? ಮತ್ತು ‘ಸೆಗ್ರಿಗೇಟೆಡ್ ನೈಬರ್‌ಹುಡ್’ ಎಂಬಲ್ಲಿ ‘ಬೇರ್ಪಟ್ಟ ಬಡಾವಣೆ’ ಎನ್ನಲೋ, ‘ಬೇರ್ಪಡಿಸಿದ ಬಡಾವಣೆ’ ಎನ್ನಲೋ? ಅಲ್ಲಿ ಮಾತ್ರ ನನ್ನ ‘ಬೇರ್ಪಾಡು’ ಕೈಕೊಡುತ್ತಿದೆ.