ಟೇಬಲ್ ಮೇಲೆ ಮಲಗಿಸಿದ ಮೇಲೆ ಬಿಪಿ ಏರಿ ವಾಪಸ್ ಕಳಿಸಿದರು, ಈಗ ಮತ್ತೆ ಡೇಟ್ ಕೊಟ್ಟಿದ್ದಾರೆ

ಕಡೂರಿನ ಟೈಲರ್:

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಪಿತ್ತಕೋಶದಲ್ಲಿ ಕಲ್ಲು. ಒಂದು ವರ್ಷದಲ್ಲಿ ಮೂರು ಸಲ ನೋವು ಬಂದು ರಾತ್ರಿಯೆಲ್ಲಾ ಒದ್ದಾಡಿದ್ದೇನೆ. ಪಿತ್ತಕೋಶ ತೆಗೆಸಲೇಬೇಕು ಅಂದರು, ಒಪ್ಪಿದೆ.

ಹೋದ ತಿಂಗಳು ಅಡ್ಮಿಟ್ ಆದೆ. ಬೆಳಗ್ಗೆ ಬಳೆ, ಮೂಗುತಿ ಎಲ್ಲಾ ತೆಗೆಸಿದರು. ಕಾಲುಂಗುರ ಬರಲೇ ಇಲ್ಲ, ಸೋಪು ಹಚ್ಚಿ ಎಳೆದರು. ತಾಳಿ ಬಿಚ್ಚಿ ಅತ್ತೆ ಕೈಗೆ ಕೊಟ್ಟಾಗ ಅವರು ಅರಿಶಿನ ಕೊಂಬು ಕಟ್ಟಿದ ದಾರ ಕೊರಳಿಗೆ ಹಾಕಿದರು. ನರ್ಸ್ ಅದಕ್ಕೆ ಏನೂ ಅನ್ನಲಿಲ್ಲ. ನನ್ನದು ಮೂರನೇ ಕೇಸು. ಹಸಿರು ಗೌನ್ ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ, ಮಧ್ಯಾಹ್ನ ಹನ್ನೆರಡೂವರೆವರೆಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಹೋದರೆ ಗಡಗಡ ಚಳಿ, ತಲೆ ಮೇಲೆ ಅಷ್ಟು ದೊಡ್ಡ ಲೈಟು. ಬಿಪಿ ನೋಡಿದರೆ 192/114. ಮೂರು ಸಲ ನೋಡಿದರು. ಇಪ್ಪತ್ತು ನಿಮಿಷ ಕಾದರು. ಆಮೇಲೆ "ಇವತ್ತು ಬೇಡಮ್ಮ" ಅಂತ ಕಳಿಸಿಬಿಟ್ಟರು.

ಮನೆಗೆ ಬಂದು ನೋಡಿದರೆ 130/84! ಬಿಪಿ ಕಾಯಿಲೆಯೇ ಇಲ್ಲ ನನಗೆ. ನಮ್ಮ ಯಜಮಾನರು "ಹೊಟ್ಟೆಗೆ ನಾಲ್ಕು ತೂತು ತಾನೆ, ಅದಕ್ಕೆ ಇಷ್ಟು ಹೆದರ್ತೀಯಾ" ಅಂತಾರೆ. ಪಕ್ಕದ ಮನೆಯವರು, ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟ ಮೇಲೆ ಎಚ್ಚರವೇ ಆಗದವರ ಕಥೆ ಹೇಳುತ್ತಾರೆ. ಮಧ್ಯದಲ್ಲೇ ಎಚ್ಚರ ಆದವರ ವಿಡಿಯೋ ಬೇರೆ ನೋಡಿದೆ, ನೋಡಬಾರದಿತ್ತು.

ಇನ್ನು ಒಂಬತ್ತು ದಿನ ಇದೆ. ಭಯ ಅಂತ ಡಾಕ್ಟರಿಗೆ ಹೇಳಬಹುದಾ? ಇದೇನು ಚಿಕ್ಕ ಮಕ್ಕಳ ಥರ ಅಂದುಕೊಳ್ಳುತ್ತಾರಾ? ಮೆಡಿಕಲ್‌ನಲ್ಲಿ ಭಯಕ್ಕೆ ಮಾತ್ರೆ ಸಿಗುತ್ತದಾ?

ಶಿರಸಿ ತೋಟದವ:

ತಂಗೀ, ನನಗೆ ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್ ಆಯಿತು. ಹೆದರಿದ್ದು ಹೌದು, ಹೇಳಿಕೊಳ್ಳಲು ನಾಚಿಕೆ ಆಗಿ ಎಲ್ಲರ ಮುಂದೆ ಜೋಕು ಹೊಡೆಯುತ್ತಿದ್ದೆ. ನನಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದು, ಹಾಗಾಗಿ ಎಚ್ಚರ ಇತ್ತು. ಕಾಲು ನನ್ನದಲ್ಲ, ಯಾರದೋ ತಂದಿಟ್ಟ ಹಾಗೆ. ಡಾಕ್ಟರು ಅಡಿಕೆ ರೇಟು ಕೇಳಿದರು. ನಾನು ಚಾಲಿ, ಕೆಂಪಡಿಕೆ ಎರಡನ್ನೂ ವಿವರಿಸುವಷ್ಟರಲ್ಲಿ ಹೊಲಿಗೆ ಮುಗಿದಿತ್ತು. ಒಂದೇ ಮಾತು: ಆಪರೇಷನ್ನಿಗಿಂತ ಕಾಯುವುದೇ ಕಷ್ಟ. ಈ ಸಲ ಮೊದಲನೇ ಕೇಸ್ ಮಾಡಿ ಅಂತ ಕೇಳಿ ನೋಡು. ಕೇಳುವುದಕ್ಕೆ ದುಡ್ಡು ಕೊಡಬೇಕಾ?

ಮಂಜುಳ ಗಾನ:

ಅಮಾವಾಸ್ಯೆ ಹತ್ತಿರ ಡೇಟ್ ಇದ್ದರೆ ಮುಂದಕ್ಕೆ ಹಾಕಿಸಿ ಅಕ್ಕ. ಮನೆದೇವರಿಗೆ ಹರಕೆ ಹೊತ್ತುಕೊಳ್ಳಿ, ಎಲ್ಲಾ ಸರಿ ಹೋಗುತ್ತೆ.

ಒಟಿ ಸಿಸ್ಟರ್:

ಹದಿನೇಳು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲೇ ಇದ್ದೇನೆ. ಅಲ್ಲಿಗೆ ಬರುವ ಎಲ್ಲರೂ ಹೆದರಿರುತ್ತಾರೆ, ಅದರಲ್ಲಿ ನಾಚಿಕೆಯದು ಏನೂ ಇಲ್ಲ. ನನ್ನ ಸಿಸೇರಿಯನ್‌ಗೆ ನಾನೂ ಹೆದರಿದ್ದೆ, ಅದೂ ನನ್ನದೇ ಥಿಯೇಟರಿನಲ್ಲಿ!

ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಜಾಸ್ತಿ ಆಗುತ್ತದೆ, ಬಿಪಿ ಮೇಲೆ ಹೋಗುತ್ತದೆ. 180/110 ದಾಟಿದರೆ ತುರ್ತು ಇಲ್ಲದ ಆಪರೇಷನ್ ಮುಂದೂಡುವುದು ವಾಡಿಕೆ. ನಿಮ್ಮನ್ನು ವಾಪಸ್ ಕಳಿಸಿದ್ದು ಆ ಲೆಕ್ಕಕ್ಕೆ, ಹುಷಾರಾಗಿರುವ ಡಾಕ್ಟರು ಅಂತ ಅಂದುಕೊಳ್ಳಿ. ಆದರೆ ಮನೆ ಬಿಪಿ ನಂಬಿಕೊಂಡು ಸುಮ್ನೆ ಕೂರಬೇಡಿ. ಒಂದು ವಾರ ಬೆಳಗ್ಗೆ ಸಂಜೆ ನೋಡಿ ಬರೆದಿಟ್ಟು, ಆ ಚೀಟಿ ಅವರಿಗೆ ತೋರಿಸಿ.

ಹೇಳಬೇಕಾದ್ದು ಸರ್ಜನ್‌ಗಲ್ಲ, ಪ್ರಜ್ಞೆ ತಪ್ಪಿಸುವ ಔಷಧ ಕೊಡುವ ಅನಸ್ತೇಶಿಯಾ ಡಾಕ್ಟರಿಗೆ. ಆಪರೇಷನ್‌ಗೆ ಮೊದಲು ಪಿಎಸಿ ಅಂತ ಒಂದು ತಪಾಸಣೆ ಇರುತ್ತದೆ, ಅಲ್ಲಿ ಸಿಗುವವರು ಅವರೇ. ನೀವು ಮಲಗಿರುವಷ್ಟು ಹೊತ್ತೂ ಉಸಿರು, ಬಿಪಿ, ಆಮ್ಲಜನಕ ನೋಡುತ್ತಾ ತಲೆಯ ಹತ್ತಿರ ಇರುವವರೂ ಅವರೇ. ಹಿಂದಿನ ರಾತ್ರಿಗೆ ಮಾತ್ರೆ ಬೇಕಾದರೆ ಅವರೇ ಬರೆಯುತ್ತಾರೆ. ಒಳಗೆ ಹೋದ ಮೇಲೆ ಡ್ರಿಪ್‌ನಲ್ಲಿ ಸಮಾಧಾನದ ಔಷಧ ಕೊಡುವುದೂ ಇದೆ. ಮೆಡಿಕಲ್‌ನಿಂದ ನೀವೇ ತಂದು ನುಂಗಬೇಡಿ. ಅನಸ್ತೇಶಿಯಾ ಔಷಧದ ಲೆಕ್ಕ ತಪ್ಪುತ್ತದೆ.

ಮಧ್ಯದಲ್ಲಿ ಎಚ್ಚರ ಆಗುವುದು ಸುಳ್ಳಲ್ಲ. ಆದರೆ ಬ್ರಿಟನ್ನಿನಲ್ಲಿ 2014ರಲ್ಲಿ ಬಂದ ದೊಡ್ಡ ಸಮೀಕ್ಷೆಯಲ್ಲಿ ಸುಮಾರು 19,000 ಜನಕ್ಕೆ ಒಬ್ಬರು ಹಾಗೆ ಹೇಳಿದ್ದರು. ಆ ಒಬ್ಬರ ವಿಡಿಯೋ ಓಡುತ್ತದೆ, ಉಳಿದವರ ವಿಡಿಯೋ ಯಾರು ಮಾಡುತ್ತಾರೆ?

ಒಂದು ಕೇಳಲಾ? ಅವತ್ತು ಒಳಗೆ ಯಾವ ಗಳಿಗೆಯಲ್ಲಿ ಎದೆ ಜೋರಾಗಿ ಬಡಿದುಕೊಂಡಿತು? ಚಳಿಗಾ, ಲೈಟಿಗಾ, ಬೇರೆ ಏನಕ್ಕಾದರೂನಾ? ಆಲೋಚನೆ ಮಾಡಿ ಬರೆಯಿರಿ.

ಕಡೂರಿನ ಟೈಲರ್:

ಸಿಸ್ಟರ್, ರಾತ್ರಿ ಮಿಷಿನ್ ತುಳಿಯುತ್ತಾ ಅದನ್ನೇ ನೆನಸಿಕೊಂಡೆ. ಸಾಯುತ್ತೇನೆ ಅಂತಲ್ಲ. ಒಬ್ಬರು ಮಾಸ್ಕ್ ತಂದು "ಇದನ್ನ ಮೂಗು ಬಾಯಿಗೆ ಹಿಡೀತೀವಿ" ಅಂದರು. ಅಲ್ಲಿಂದ ಶುರು. ನಾನು ಎಂಟು ವರ್ಷದವಳಿದ್ದಾಗ ನಮ್ಮೂರ ಕೆರೆಯಲ್ಲಿ ಮುಳುಗಿದ್ದೆ. ಎಮ್ಮೆ ಮೇಯಿಸುತ್ತಿದ್ದ ಒಬ್ಬರು ಜಡೆ ಹಿಡಿದು ಎಳೆದರು. ಇವತ್ತಿಗೂ ಮುಖ ಮುಚ್ಚಿ ಕಂಬಳಿ ಹೊದೆಯಲು ಆಗುವುದಿಲ್ಲ. ಇದನ್ನೆಲ್ಲಾ ಅಲ್ಲಿ ಯಾರ ಹತ್ತಿರ ಹೇಳುವುದು ಅಂತ ಬಾಯಿ ಬಿಡಲಿಲ್ಲ.

ಒಟಿ ಸಿಸ್ಟರ್:

ಇದನ್ನೇ ಹೇಳಬೇಕು ಅಕ್ಕ, ಹೀಗೇ ಹೇಳಿ. ಆ ಮಾಸ್ಕಿನಲ್ಲಿ ಮೊದಲು ಬರುವುದು ಬರೀ ಆಮ್ಲಜನಕ. ನಿದ್ದೆ ಬರಿಸುವ ಔಷಧ ದೊಡ್ಡವರಿಗೆ ಸಾಮಾನ್ಯವಾಗಿ ಕೈಯ ಡ್ರಿಪ್‌ನಲ್ಲೇ ಹೋಗುತ್ತದೆ. ಮಾಸ್ಕನ್ನು ನಾನೇ ಹಿಡಿದುಕೊಳ್ಳುತ್ತೇನೆ ಅಂತ ಕೇಳಿ. ಎಷ್ಟೋ ಜನರ ಕೈಗೆ ನಾನೇ ಕೊಟ್ಟಿದ್ದೇನೆ. ಬೇಕಾದಾಗ ತೆಗೆಯಬಹುದು ಅಂತ ಗೊತ್ತಾದರೆ ಆಮೇಲೆ ತೆಗೆಯುವುದೇ ಇಲ್ಲ.

ಇನ್ನೊಂದು. ಹೊಟ್ಟೆಗೆ ಗ್ಯಾಸ್ ತುಂಬಿ ಮಾಡುವುದರಿಂದ ಆಮೇಲೆ ಒಂದೆರಡು ದಿನ ಬಲ ಭುಜ ನೋಯಬಹುದು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯುತ್ತದೆ ಅಂತ ಜನ ಗಾಬರಿ ಆಗುತ್ತಾರೆ, ಅದಕ್ಕೇ ಈಗಲೇ ಹೇಳಿದೆ.

ಕಡೂರಿನ ಟೈಲರ್:

ಇವತ್ತು ಪಿಎಸಿ ಆಯಿತು. ಬಿಪಿ ಚೀಟಿ ತೋರಿಸಿದೆ. ಕೆರೆ ಕಥೆ ಹೇಳಿದೆ, ಅರ್ಧದಲ್ಲಿ ಅಳು ಬಂತು. ಡಾಕ್ಟರಮ್ಮ ನಗಲಿಲ್ಲ. ಒಳಗಿಂದ ಒಂದು ಮಾಸ್ಕ್ ತರಿಸಿ ನನ್ನ ಕೈಗೆ ಕೊಟ್ಟರು. ಪ್ಲಾಸ್ಟಿಕ್ ವಾಸನೆ ಅಷ್ಟೆ. ಹಿಡಿದುಕೊಂಡು ಹತ್ತು ಉಸಿರು ಎಳೆದುಕೊಂಡೆ. ಬುಧವಾರ ಮೊದಲನೇ ಕೇಸ್ ಅಂತ ಬರೆದಿದ್ದಾರೆ. ಬೆಳಗ್ಗೆ ನಾಲ್ಕಕ್ಕೆ ಏಳಿ, ಐದೂವರೆವರೆಗೆ ಸ್ವಲ್ಪ ನೀರು ಕುಡಿಯಬಹುದು ಅಂದರು. ಹೋದ ಸಲ ಯಾರೂ ಹೇಳದೆ ಬಾಯಿ ಒಣಗಿಸಿಕೊಂಡು ಕೂತಿದ್ದೆ.

ಭಯ ಹೋಗಿದೆ ಅಂತ ಹೇಳುವುದಿಲ್ಲ. ಶಿರಸಿ ಅಣ್ಣಾ, ಕೇಳಿದೆ, ದುಡ್ಡೇನೂ ತಗೊಳ್ಳಲಿಲ್ಲ. ಅಮಾವಾಸ್ಯೆ ಕಳೆದಿದೆ, ಅತ್ತೆಯೂ ಖುಷಿ. ಸೋಮವಾರದೊಳಗೆ ಆರು ಬ್ಲೌಸ್ ಮುಗಿಸಬೇಕು, ಆಮೇಲೆ ಸ್ವಲ್ಪ ದಿನ ಮಿಷಿನ್ ತುಳಿಯುವಂತಿಲ್ಲವಂತೆ. ಬರ್ತೀನಿ.